ಅವ್ವನ ಎಡಗೈ

ನನ್ನ ಜೀವಮಾನದಲ್ಲಿ ನಾನು ಒಬ್ಬರ ಮೇಲೆ ಮಾತ್ರ ನಿಜವಾಗಿ ಹೊಟ್ಟೆಕಿಚ್ಚು ಪಟ್ಟಿದ್ದೇನೆ. ಆಕೆಯ ಹೆಸರು ಮೋತಿಬಿ. ನನಗಿಂತ ಕಿರಿಯರು ಮುಖ್ಯಾಧ್ಯಾಪಕಿಯರಾದಾಗ, ಓರಗೆಯವರು ಮೊಮ್ಮಕ್ಕಳನ್ನು ಎತ್ತಿಕೊಂಡು ಕಟ್ಟೆಯ ಮೇಲೆ ಕುಳಿತಾಗ ನನಗೆ ಅಂಥದ್ದೇನೂ ಅನಿಸಿರಲಿಲ್ಲ. ಆದರೆ ಲಕ್ಷ್ಮೇಶ್ವರದ ನಮ್ಮ ಮನೆಗೆ ದಿನಾ ಮುಂಜಾನೆ ಒಂಬತ್ತಕ್ಕೆ ಬಂದು, ಚಪ್ಪಲಿಯನ್ನು ಗೋಡೆಗೆ ಒರಗಿಸಿಟ್ಟು, ಕೈಕಾಲು ತೊಳೆದು ಒಳಗೆ ಕಾಲಿಡುತ್ತಿದ್ದ ಆ ಹೆಂಗಸನ್ನು ಕಂಡರೆ ನನ್ನ ಒಡಲಲ್ಲಿ ಏನೋ ಉರಿಯುತ್ತಿತ್ತು. ಆಕೆ ಬರದಿದ್ದರೆ ನನ್ನ ಮನೆ ನಡೆಯುವುದಿಲ್ಲ ಎಂದು ಗೊತ್ತಿದ್ದದ್ದರಿಂದ ಇನ್ನಷ್ಟು ಉರಿಯುತ್ತಿತ್ತು.

ಎಪ್ಪತ್ತೇಳನೆಯ ಇಸವಿ. ದಸರೆ ಮುಗಿದ ವಾರಕ್ಕೆ ಅವ್ವನಿಗೆ ಲಕ್ವಾ ಹೊಡೆಯಿತು. ಎಡಗೈ, ಎಡಗಾಲು ಬಿದ್ದುಹೋದವು. ಬಾಯಿ ತುಸು ಸೊಟ್ಟಗಾಗಿ ಮಾತು ತೊದಲಿದರೂ ಬುದ್ಧಿ ಮೊದಲಿನಷ್ಟೇ ಚುರುಕಾಗಿತ್ತು. ಗದುಗಿನ ಡಾಕ್ಟರು ಹದಿನೈದು ದಿನ ಇಟ್ಟುಕೊಂಡು ನೋಡಿದರು. ಹೃದಯವೂ ಸೋತಿದೆ, ಇನ್ನು ಮನೆಗೆ ಕರೆದುಕೊಂಡು ಹೋಗಿ ಸಮಾಧಾನವಾಗಿ ಇಟ್ಟುಕೊಳ್ಳಿ ಎಂದರು. ಅವರು ಏನು ಹೇಳಿದರೆಂಬುದು ನನಗೂ ತಿಳಿಯಿತು, ಅವ್ವನಿಗೂ ತಿಳಿಯಿತು. ಬಾಡಿಗೆ ಜೀಪಿನಲ್ಲಿ ಲಕ್ಷ್ಮೇಶ್ವರಕ್ಕೆ ಬರುವವರೆಗೂ ನಾವಿಬ್ಬರೂ ಹೊಲಗಳಲ್ಲಿ ಒಣಗಿಸಿದ್ದ ಮೆಣಸಿನಕಾಯಿಯ ಬಗ್ಗೆ ಮಾತಾಡಿಕೊಂಡೆವು.

ಅವ್ವನ ಹೆಸರು ಗುರುಸಿದ್ದವ್ವ. ನಾನು ಹಿರಿಯ ಮಗಳು, ಅನ್ನಪೂರ್ಣ. ಧಾರವಾಡದಲ್ಲಿ ಬಿ.ಎ. ಓದಿ ಬಂದು ಊರಿನ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತಿದ್ದೆ. ಮದುವೆಯಾಗಲಿಲ್ಲ. ಅಪ್ಪ ತೀರಿಕೊಂಡ ಮೇಲೆ ಇಪ್ಪತ್ತೆರಡು ವರ್ಷ ಆ ಮನೆಯಲ್ಲಿ ನಾನೂ ಅವ್ವನೂ ಇಬ್ಬರೇ. ನಾನು ಶಾಲೆಯಿಂದ ಬಂದು ಬಾಗಿಲ ಚಿಲಕ ಸರಿಸುವ ಸದ್ದಿನಿಂದಲೇ ನನ್ನ ತಲೆ ನೋಯುತ್ತಿದೆಯೋ ಇಲ್ಲವೋ ಆಕೆಗೆ ತಿಳಿಯುತ್ತಿತ್ತು. ಆಕೆ ಕೆಮ್ಮುವ ರೀತಿಯಿಂದ ಯಾರ ಮೇಲೆ ಸಿಟ್ಟಾಗಿದ್ದಾಳೆಂದು ನನಗೆ ತಿಳಿಯುತ್ತಿತ್ತು. ನಮ್ಮ ನಡುವೆ ಮೂರನೆಯವರು ಬಂದಿರಲಿಲ್ಲ.

ಮೋತಿಬಿಯನ್ನು ಕರೆತಂದವನು ಮುಂಡರಗಿಯಲ್ಲಿ ಕಾಳಿನ ವ್ಯಾಪಾರ ಮಾಡುತ್ತಿದ್ದ ನನ್ನ ತಮ್ಮ ನಿಜಲಿಂಗಪ್ಪ.

"ನೀ ಶಾಲಿಗೆ ಹೋದ ಮ್ಯಾಲ ಅವ್ವನ ನೋಡವರ ಯಾರಕ್ಕಾ? ಈಕಿ ಬೆಟಗೇರ್ಯಾಗ ಒಂದು ದವಾಖಾನ್ಯಾಗ ಹದಿನೆಂಟು ವರ್ಷ ಆಯಾ ಆಗಿ ದುಡದಾಳ. ಈಗ ಇದ ಊರಾಗ ಅದಾಳ. ಹಾಸಗಿ ಹಿಡದವರ ಮನಿಗೆ ಹೋಗಿ ನೋಡ್ಕೋತಾಳ. ನಮ್ಮ ಮಾವನ್ನ ಕಡೀತನಕ ಈಕೀನ ನೋಡಿದ್ಲು."

"ನಾ ರಜಾ ಹಾಕ್ತೀನಿ."

"ಎಷ್ಟ ದಿನ ಹಾಕ್ತಿ?" ಎಂದ. ಅದಕ್ಕೆ ಉತ್ತರ ಹೇಳಿದರೆ ಅವ್ವ ಇನ್ನೆಷ್ಟು ದಿನ ಇರುತ್ತಾಳೆಂದು ಹೇಳಿದಂತಾಗುತ್ತಿತ್ತು.

ಮೋತಿಬಿಗೆ ಐವತ್ತು ದಾಟಿರಬೇಕು. ತೆಳ್ಳಗೆ, ಎತ್ತರವಾಗಿದ್ದಳು. ಕೈಬಳೆಗಳನ್ನು ಮೊಳಕೈಯವರೆಗೆ ಸರಿಸಿ ಅವುಗಳ ಮೇಲೆ ಒಂದು ಬಟ್ಟೆಯ ಪಟ್ಟಿ ಸುತ್ತುತ್ತಿದ್ದಳು, ಮಲಗಿದವರ ಮೈಗೆ ತರಚಬಾರದೆಂದು. ಮೊದಲ ದಿನ ಮಂಚದ ಹತ್ತಿರ ಬಂದವಳು ಕೈ ಹಿಂದೆ ಕಟ್ಟಿಕೊಂಡು ನಿಂತಳು.

"ಅವ್ವಾರ, ನಾ ಮೋತಿಬಿ ಅಂತ್ರಿ. ನಿಮ್ಮ ಮೈಗೆ ಕೈ ಹಚ್ಚಾಕಿ ಅದೀನಿ. ನಡೀತೈತ್ರೇನು?"

ಅವ್ವ ಆಕೆಯನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು. "ನಡ್ಯಂಗಿಲ್ಲ ಅಂದ್ರ ಎದ್ದ ಓಡಿಹೋಗಾಕ ನನ್ನ ಕಾಲರ ಎಲ್ಲೆದಾವವ್ವಾ."

"ಒಂದ ಐತಲ್ರಿ. ಕುಂಟಕೋತ ನಡೀರಿ, ನಾ ಹಿಂದಿಂದ ಬರ್ತೀನಿ."

ಅವ್ವ ನಕ್ಕಳು. ಸೊಟ್ಟಗಾದ ಬಾಯಿಂದ ಜೊಲ್ಲು ಸುರಿಯುವಂತೆ ನಕ್ಕಳು. ಮೂರು ವಾರದಿಂದ ನಾನು ಏನೆಲ್ಲ ಹೇಳಿ, ಹಳೆಯ ಮಾತು ತೆಗೆದು, ಕಾದಂಬರಿ ಓದಿ ಹೇಳಿ ನಗಿಸಲು ನೋಡಿದ್ದೆ. ನಕ್ಕಿರಲಿಲ್ಲ. ಆ ಹೊತ್ತಿನಿಂದಲೇ ಶುರುವಾಯಿತು ಎನ್ನಬೇಕು.

ಮೋತಿಬಿಯ ಕೆಲಸದ ರೀತಿಯೇ ಬೇರೆ ಇತ್ತು. ಏನು ಮಾಡುವುದಿದ್ದರೂ ಮೊದಲು ಹೇಳುತ್ತಿದ್ದಳು. "ಅವ್ವಾರ, ಎಡಕ ಹೊಳ್ಳಸ್ತೀನ್ರಿ." "ಬಿಸಿ ಅರಿವಿ ಹಚ್ಚತೀನ್ರಿ, ಬೆನ್ನಿಗೆ." ಹೇಳಿ ನಿಲ್ಲುತ್ತಿದ್ದಳು. ಅವ್ವ ಹೂಂ ಎಂದ ಮೇಲೆಯೇ ಕೈ ಹಾಕುತ್ತಿದ್ದಳು. ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸಬೇಕು, ಇಲ್ಲದಿದ್ದರೆ ಬೆನ್ನು ಹುಣ್ಣಾಗುತ್ತದೆ ಎಂದು ಡಾಕ್ಟರು ಹೇಳಿದ್ದರು. ನಾನು ನನ್ನ ಕೈಗಡಿಯಾರವನ್ನು ಮಂಚದ ಹತ್ತಿರ ಇಡಲು ಹೋದೆ. ಬೇಡವೆಂದಳು. ಆಕೆಗೆ ಊರಿನ ಸದ್ದುಗಳೇ ಸಾಕಿದ್ದವು. ನಮ್ಮ ಶಾಲೆಯ ಮೊದಲ ಗಂಟೆಗೆ ಬಲಕ್ಕೆ. ಮಧ್ಯಾಹ್ನ ಮಸೀದಿಯ ಬಾಂಗ್ ಕೇಳಿದಾಗ ಅಂಗಾತ. ಶಿಗ್ಲಿಯ ಬಸ್ಸು ಬಂದಾಗ ಎಡಕ್ಕೆ. ಹತ್ತಿ ಮಿಲ್ಲಿನ ಭೋಂಗಾ ಕೂಗಿದಾಗ ಮತ್ತೆ ಬಲಕ್ಕೆ. ಮಕ್ಕಳಿಗೆ ವ್ಯಾಕರಣ ಹೇಳುತ್ತ ನಿಂತಾಗ ಶಿಗ್ಲಿಯ ಬಸ್ಸಿನ ಹಾರ್ನ್ ಕೇಳಿದರೆ, ಈಗ ಅವ್ವ ಆಕೆಯ ಕೈಗಳಲ್ಲಿ ಹೊರಳುತ್ತಿದ್ದಾಳೆ ಎಂದು ನನಗೆ ಅನಿಸುತ್ತಿತ್ತು. ಹಲಗೆಯ ಮೇಲೆ ಬರೆಯುವುದು ನಿಂತುಹೋಗುತ್ತಿತ್ತು.

ಮೋತಿಬಿಗೆ ಚಹಾ ಕೊಡಲು ನಾನು ಒಂದು ಬೇರೆ ಗ್ಲಾಸು ತೆಗೆದು ಕಿಟಕಿಯಲ್ಲಿ ಇಟ್ಟಿದ್ದೆ. ಆ ಕಾಲದ ರೂಢಿ ಎಂದು ಹೇಳಿ ಇವತ್ತು ಜಾರಿಕೊಳ್ಳಬಹುದು, ಆದರೆ ಓದಿದವಳಾಗಿ ನಾನು ಹಾಗೆ ಹೇಳಬಾರದು. ಮೂರನೆಯ ದಿನ ಅವ್ವ ಅದನ್ನು ನೋಡಿದಳು.

"ಮೋತಿಗೆ ನನ್ನ ಕಪ್ಪು-ಬಸಿಯಾಗ ಹಾಕಿ ಕೊಡು."

ಅದು ಗುಲಾಬಿ ಹೂವಿನ ಚಿತ್ರವಿದ್ದ ಪಿಂಗಾಣಿಯದು. ನಾನು ನೌಕರಿ ಸೇರಿದ ವರ್ಷ ಹುಬ್ಬಳ್ಳಿಯಿಂದ ಅವ್ವನಿಗೆಂದೇ ತಂದದ್ದು. ಅದರಲ್ಲಿ ಆಕೆ ನನಗೂ ಕುಡಿಯಲು ಬಿಟ್ಟಿರಲಿಲ್ಲ.

"ನೀ ಯಾತರಾಗ ಕುಡೀತಿ?" ಎಂದೆ.

"ನನಗೇನವ್ವಾ, ಚಮಚಾದಾಗ ಹಾಕ್ತೀರಿ. ಕಪ್ಪು ಸುಮ್ನ ಕುಂತೈತಿ."

ಮೋತಿಬಿ ಬೇಡವೆನ್ನಲಿಲ್ಲ. ಮನೆಯವರು ಕೊಟ್ಟದ್ದನ್ನು ಬೇಡವೆಂದರೆ ಅವ್ವನ ಮಾತು ಕಡಿಮೆಯಾದೀತೆಂದು ತಿಳಿದವಳಂತೆ ಕುಡಿದು, ತೊಳೆದು, ಬೋರಲು ಹಾಕಿ ಇಟ್ಟಳು. ಮರುದಿನ ನೋಡಿದರೆ ಕಪ್ಪಿನ ಹಿಡಿಕೆಯ ಸಂದಿನಲ್ಲಿ ವರ್ಷಗಳಿಂದ ಕೂತಿದ್ದ ಕಂದು ಕಲೆ ಹೋಗಿತ್ತು. ಅದೂ ನನಗೆ ಚುಚ್ಚಿತು.

ಸಂಜೆ ಆಕೆ ಹೋದ ಮೇಲೆ ನಾನು ನುಚ್ಚಿನ ಗಂಜಿ ಮಾಡಿ ತಿನ್ನಿಸಲು ಕುಳಿತರೆ ಅವ್ವ ಮೂರು ಚಮಚಕ್ಕೆ ಬಾಯಿ ಬಿಗಿಹಿಡಿಯುತ್ತಿದ್ದಳು. ಅದೇ ಗಂಜಿಯನ್ನು ಮರುದಿನ ಮೋತಿಬಿ ಬಟ್ಟಲು ಖಾಲಿಯಾಗುವವರೆಗೆ ತಿನ್ನಿಸುತ್ತಿದ್ದಳು. ಬಟ್ಟೆ ಬದಲಿಸುವ ಹೊತ್ತಿಗೆ ನಾನು ಹತ್ತಿರ ಹೋದರೆ, "ನೀ ಹೊರಗ ಹೋಗು, ಮೋತಿ ಅದಾಳ," ಎನ್ನುತ್ತಿದ್ದಳು. ಆಕೆ ಇಲ್ಲದಾಗ ಒದ್ದೆಯಾದರೆ ಹೇಳದೆ ಹಾಗೆಯೇ ಮಲಗಿರುತ್ತಿದ್ದಳು. ನಾನು ಕೈ ಹಾಕಿ ನೋಡಿದ ಮೇಲೆ ಮುಖ ಗೋಡೆಯ ಕಡೆಗೆ ತಿರುಗಿಸುತ್ತಿದ್ದಳು.

ಎಲ್ಲಕ್ಕಿಂತ ನನಗೆ ತಡೆಯಲಾಗದ್ದೆಂದರೆ ಆ ಕೈ. ಮಧ್ಯಾಹ್ನದ ಬಾಂಗ್ ಆದ ಮೇಲೆ ಮೋತಿಬಿ ಮಂಚದ ಪಕ್ಕ ಮಣೆ ಹಾಕಿಕೊಂಡು ಕುಳಿತು, ಅವ್ವನ ಬಿದ್ದುಹೋದ ಎಡಗೈಯನ್ನು ತನ್ನೆರಡೂ ಕೈಗಳಲ್ಲಿ ಹಿಡಿದುಕೊಳ್ಳುತ್ತಿದ್ದಳು. ಅರ್ಧ ತಾಸು, ಕೆಲವೊಮ್ಮೆ ಒಂದು ತಾಸು. ಆಗ ಇಬ್ಬರೂ ಸಣ್ಣ ದನಿಯಲ್ಲಿ ಮಾತಾಡುತ್ತಿದ್ದರು. ಊಟದ ಬಿಡುವಿನಲ್ಲಿ ನಾನು ಮನೆಗೆ ಬಂದರೆ ಮಾತು ನಿಲ್ಲುತ್ತಿತ್ತು.

"ಏನ ಮಾತು ನಡದಿತ್ತು?" ಎಂದು ಕೇಳಿದರೆ ಅವ್ವ, "ಏನಿಲ್ಲ, ಊರ ಮಾತು," ಎನ್ನುತ್ತಿದ್ದಳು.

ಎದುರುಮನೆಯ ಅಮೃತವ್ವ ದಿನಕ್ಕೆರಡು ಸಲ ಬಂದು ಹಣಿಕಿ ಹಾಕುತ್ತಿದ್ದಳು. ಒಂದು ದಿನ ನಾನು ಅಂಗಳದಲ್ಲಿ ಬಟ್ಟೆ ಒಣಹಾಕುತ್ತಿದ್ದಾಗ ಹೇಳಿದಳು:

"ನಿಮ್ಮವ್ವಗ ಈ ವಯಸ್ಸಿನ್ಯಾಗ ಇನ್ನೊಬ್ಬ ಮಗಳು ಹುಟ್ಟ್ಯಾಳ ನೋಡು ಅನ್ನಪೂರ್ಣಾ. ಬಾಣಂತನ ಯಾರ ಮಾಡಿದ್ರೋ ಏನೋ."

"ಹಂಗೇನಿಲ್ಲ ಅಮೃತವ್ವಾ. ಕೆಲಸ ಆಕೀದು."

"ಕೆಲಸ ಖರೆ. ಮತ್ತ ಕೈ ಹಿಡಕೊಂಡ ಕುಂದ್ರೂದೂ ಕೆಲಸೇನು?"

ನಾನು ಒದ್ದೆ ಸೀರೆಯನ್ನು ಇನ್ನೊಮ್ಮೆ ಹಿಂಡಿದೆ. ಅದರಲ್ಲಿ ನೀರು ಉಳಿದಿರಲಿಲ್ಲ.

ಸಂಕ್ರಮಣ ಆಗಿ ಒಂದು ವಾರ ಕಳೆದಿತ್ತು. ಶನಿವಾರ ಶಾಲೆ ಮುಂಜಾನೆಯದು, ಅಂದು ಮಾತ್ರ ಮೋತಿಬಿಯೂ ಬೇಗ ಬಂದು ಎಲ್ಲವನ್ನೂ ಬೇಗ ಶುರುಮಾಡುತ್ತಿದ್ದಳು. ಹನ್ನೊಂದೂವರೆಗೆ ಬಿಟ್ಟಿತು. ನಾನು ಚಿಲಕ ಸದ್ದಾಗದಂತೆ ಸರಿಸಿ ಒಳಗೆ ಬಂದೆ. ಹಾಗೇಕೆ ಸದ್ದಿಲ್ಲದೆ ಬಂದೆ ಎಂದು ಕೇಳಿದರೆ ಏನು ಹೇಳಲಿ, ಕದ್ದು ನೋಡಬೇಕೆಂದೇ ಬಂದೆ. ಬಾಗಿಲ ಮರೆಯಿಂದ ಕಂಡದ್ದಿಷ್ಟು. ಮೋತಿಬಿ ಅವ್ವನ ಎಡ ಅಂಗೈಯನ್ನು ತೆರೆದು ಹಿಡಿದಿದ್ದಾಳೆ. ಆ ಅಂಗೈಯ ನಡುವೆ ಕರ್ರಗೆ, ದುಂಡಗೆ, ಎಣ್ಣೆ ಹಚ್ಚಿದಂತೆ ಮಿರುಗುವ ಒಂದು ವಸ್ತು ಇದೆ. ಮೋತಿಬಿ ಅದನ್ನು ಎರಡು ಬೆರಳಿನಿಂದ ಎತ್ತಿ ಮತ್ತೆ ಇಡುತ್ತಿದ್ದಾಳೆ. ಅವ್ವ ಕಣ್ಣರಳಿಸಿ ಅದನ್ನೇ ನೋಡುತ್ತಿದ್ದಾಳೆ.

ಅವ್ವ ಎಪ್ಪತ್ತು ವರ್ಷ ದಿನ ತಪ್ಪದೆ ಎಡ ಅಂಗೈಯಲ್ಲಿ ಲಿಂಗವನ್ನಿಟ್ಟು ಪೂಜೆ ಮಾಡಿದವಳು. ಲಕ್ವಾ ಹೊಡೆದ ಮೇಲೆ ಆ ಕೈ ನಿಲ್ಲದಾಗಿ, ಕೊರಳಲ್ಲಿದ್ದ ಲಿಂಗದ ಬೆಳ್ಳಿಯ ಕರಡಿಗೆಯನ್ನೇ ಬಲಗೈಯಿಂದ ಕಣ್ಣಿಗೊತ್ತಿಕೊಂಡು ಮುಗಿಸುತ್ತಿದ್ದಳು. ಒಬ್ಬರ ಲಿಂಗವನ್ನು ಇನ್ನೊಬ್ಬರು ಮುಟ್ಟುವ ಪದ್ಧತಿ ನಮ್ಮಲ್ಲಿಲ್ಲ. ಮಗಳಾದ ನಾನೇ ಮುಟ್ಟುತ್ತಿರಲಿಲ್ಲ.

"ಮೋತಿಬೀ, ಅದನ್ನ ಮುಟ್ಟಾಕ ನಿನಗ ಯಾರು ಹೇಳ್ಯಾರ?" ಎಂದೆ. ತರಗತಿಯಲ್ಲಿ ಕೊನೆಯ ಬೆಂಚಿಗೆ ಕೇಳಿಸುವ ದನಿ ನನ್ನದು. "ಲಿಂಗ ಮುಟ್ಟಬಾರದು ಅಂತ ಇಷ್ಟ ಮನಿ ತಿರಗಿದಾಕಿಗೆ ತಿಳೀಲಿಲ್ಲೇನು? ನಾಳಿಂದ ಬರಬ್ಯಾಡ."

ಅವ್ವ ಏನೋ ಹೇಳಲು ಬಾಯಿ ತೆರೆದಳು. ಗಾಬರಿಯಾದರೆ ಆಕೆಯ ನಾಲಗೆ ಪೂರ್ತಿ ಸಿಕ್ಕಿಬೀಳುತ್ತಿತ್ತು. ಗರಗರ ಸದ್ದು ಮಾತ್ರ ಬಂತು. ಮೋತಿಬಿ ನನ್ನ ಕಡೆಗೆ ನೋಡಲಿಲ್ಲ.

"ಅವ್ವಾರ, ಕೈ ಕೆಳಗ ಇಡ್ತೀನ್ರಿ," ಎಂದಳು. ಇಟ್ಟಳು. "ನಾ ಹೊಂಡ್ತೀನ್ರಿ." ಬಳೆಗಳ ಮೇಲಿನ ಪಟ್ಟಿ ಬಿಚ್ಚಿ, ತನ್ನ ಚೀಲ ಎತ್ತಿಕೊಂಡು ಹೊರಗೆ ಹೋದಳು. ಬಾಗಿಲಲ್ಲಿ, "ಆತ್ರಿ ಅಕ್ಕೋರ," ಎಂದಳು. ಅಷ್ಟೇ.

ನಾನು ಮಂಚದ ಹತ್ತಿರ ಹೋದೆ. ಹಾಸಿಗೆಯ ಮೇಲೆ ಬಿದ್ದಿದ್ದದ್ದು ಒಂದು ಕಲ್ಲು. ಹೊಳೆಯಲ್ಲಿ ಸಿಗುವ ನುಣ್ಣನೆಯ ಕರಿ ಕಲ್ಲು. ಅವ್ವನ ಕರಡಿಗೆ ಕೊರಳಲ್ಲೇ ಇತ್ತು. ಮುಂಜಾನೆ ಮೈ ಒರೆಸಿದ ಮೇಲೆ ಅದರ ದಾರಕ್ಕೆ ನಾನೇ ಹಾಕಿದ್ದ ಗಂಟು ಹಾಗೆಯೇ ಇತ್ತು.

ಹೊರಗೆ ಚಪ್ಪಲಿ ಮೆಟ್ಟುವ ಸದ್ದು ಇನ್ನೂ ಕೇಳುತ್ತಿತ್ತು. ಎರಡು ಹೆಜ್ಜೆ ಇಟ್ಟಿದ್ದರೆ ಕರೆಯಬಹುದಿತ್ತು. ನಾನು ಕಲ್ಲನ್ನು ಮುಷ್ಟಿಯಲ್ಲಿ ಹಿಡಿದು ನಿಂತೆ. ಸದ್ದು ಬೀದಿಯ ತಿರುವಿನವರೆಗೆ ಹೋಗಿ ನಿಂತುಹೋಯಿತು. ಲಿಂಗದ ಮಾತು ನನಗೆ ನೆವವಾಗಿತ್ತು. ಅದು ಲಿಂಗವಲ್ಲವೆಂದು ತಿಳಿದ ಮೇಲೂ ನನಗೆ ಸಮಾಧಾನವೇ ಆಯಿತು. ಇನ್ನು ಮನೆಯಲ್ಲಿ ನಾವಿಬ್ಬರೇ.

ಸೋಮವಾರದಿಂದ ರಜೆ ಹಾಕಿದೆ. ನನ್ನಿಂದಾದದ್ದನ್ನೆಲ್ಲ ಮಾಡಿದೆ. ಹಾಸಿಗೆ ಬಿಸಿಲಿಗೆ ಹಾಕಿದೆ. ಬೇಳೆಯ ಕಟ್ಟು ಸೋಸಿ ಕುಡಿಸಿದೆ. ಗಡಿಯಾರ ನೋಡಿ ಮಗ್ಗುಲು ಬದಲಿಸಿದೆ. ನಾನು ಹೇಳದೆ ತೋಳಿಗೆ ಕೈ ಹಾಕಿದಾಗಲೆಲ್ಲ ಅವ್ವ ಬೆಚ್ಚುತ್ತಿದ್ದಳು. ಅದನ್ನು ನೋಡಿಯೂ ಏಕೆಂದು ಯೋಚಿಸಲಿಲ್ಲ. ಆಕೆ ನನ್ನನ್ನು ಬೈಯಲಿಲ್ಲ, ಮೋತಿಬಿಯ ಹೆಸರೆತ್ತಲಿಲ್ಲ. ಶಿಗ್ಲಿಯ ಬಸ್ಸಿನ ಸದ್ದು ಕೇಳಿದಾಗ ಮಾತ್ರ ಬಾಗಿಲ ಕಡೆಗೆ ಕಣ್ಣು ಹೋಗುತ್ತಿತ್ತು.

ಐದನೆಯ ದಿನ ಎಡಗೈಯನ್ನು ತೊಳೆಯಲು ಹೋದಾಗ ನೋಡಿದೆ. ಬೆರಳುಗಳು ಒಳಕ್ಕೆ ಮಡಚಿ ಬಿಗಿಯಾಗಿದ್ದವು. ಉಗುರು ಅಂಗೈಗೆ ನೆಟ್ಟು ಕೆಂಪಗಾಗಿತ್ತು. ಬಿಡಿಸಲು ಬೆರಳು ಜಗ್ಗಿದೆ. ಅವ್ವ ಕೂಗಿಕೊಂಡಳು. ಬಿಟ್ಟೆ. ಮತ್ತೆ ಮೆಲ್ಲಗೆ ಜಗ್ಗಿದೆ. ಜಗ್ಗಿದಷ್ಟೂ ಆ ಕೈ ಇನ್ನೂ ಬಿಗಿಯಾಗಿ ಮುಚ್ಚಿತು.

ಅವ್ವ ಅಳುತ್ತಿದ್ದಳು. ಅಪ್ಪ ಹೋದಾಗಲೂ ನನ್ನೆದುರಿಗೆ ಅತ್ತವಳಲ್ಲ.

"ಬ್ಯಾನಿ ಆಗ್ತೈತೇನವ್ವಾ?" ಎಂದೆ.

"ಬ್ಯಾನಿ ಅಲ್ಲ." ಮಾತಿಗೊಮ್ಮೆ ಉಸಿರು ತೆಗೆದುಕೊಂಡು ಹೇಳಿದಳು. "ಹಿಂಗ ಮುಚ್ಚಿದ ಕೈಯಾಗ... ಲಿಂಗ ಹೆಂಗ ಇಡ್ತೀರಿ? ಗುಣಿಯಾಗ ಕುಂದ್ರಸಿದ ಮ್ಯಾಲ?"

ನಮ್ಮವರನ್ನು ಮಣ್ಣು ಮಾಡುವಾಗ ಕುಳ್ಳಿರಿಸಿ, ಎಡ ಅಂಗೈಯಲ್ಲಿ ಅವರ ಲಿಂಗವನ್ನಿಟ್ಟು ಕಳಿಸುತ್ತಾರೆ. ನನಗೆ ಗೊತ್ತಿರದ ಸಂಗತಿಯಲ್ಲ. ಆದರೆ ಅವ್ವ ಮಲಗಿದಲ್ಲೇ ದಿನಾ ಅದನ್ನೇ ನೆನೆಯುತ್ತಿದ್ದಳೆಂದು ನನಗೆ ಹೊಳೆದಿರಲಿಲ್ಲ.

"ನಮ್ಮತ್ತಿಗೂ ಹಿಂಗ ಲಕ್ವಾ ಆಗಿತ್ತು. ಕಡೀಕ ಕೈ ಬಿಚ್ಚಲಿಲ್ಲ. ನಾಕ ಮಂದಿ ಕೂಡಿ ಬೆರಳ ಬಿಡಿಸಿದ್ರು. ಒಂದು ಮುರೀತು. ಆ ಸಪ್ಪಳ ನಾ ಕೇಳೀನಿ. ಅದಕ್ಕ ಮೋತಿಗೆ ಹೇಳಿದ್ದೆ. ಆಕಿ ದಿನಾ ಬಿಚ್ಚಿ ಇಡ್ತಿದ್ಲು. ಕಲ್ಲ ಇಟ್ಟು ರೂಢಿ ಮಾಡಸ್ತಿದ್ಲು."

"ನನಗ್ಯಾಕ ಹೇಳಲಿಲ್ಲ?"

ಅವ್ವ ಬಲಗೈಯಿಂದ ಕಣ್ಣೊರೆಸಿಕೊಂಡಳು. "ನಿನ್ನ ಮುಂದ ಸಾಯೂ ಮಾತ ಆಡಾಕ ಬಿಡ್ತೀಯೇನು? ಈಗ ನೋಡು, ಅಳಾಕ ಹತ್ತೀದಿ. ಆಕಿ ಅಳಂಗಿಲ್ಲ. ಹೌದ್ರಿ, ಮಾಡೂಣಂತ್ರಿ ಅಂತಾಳ."

ಆ ದುಃಖದಲ್ಲೂ ಆ ಕೊನೆಯ ಮಾತು ನನ್ನನ್ನು ಕುಟುಕಿತು ಎಂದರೆ ನೀವು ನಂಬಬೇಕು.

ಅಮೃತವ್ವನನ್ನು ಅವ್ವನ ಹತ್ತಿರ ಕೂರಿಸಿ ಮೋತಿಬಿಯ ಮನೆಗೆ ಹೋದೆ. ಆಕೆಯ ಗಂಡ ಮಕ್ತುಮಸಾಬ ಗಾದಿ ತುಂಬುವ ಕೆಲಸದವರು. ಅಂಗಳದಲ್ಲಿ ಹತ್ತಿಯ ನಡುವೆ ಕುಳಿತಿದ್ದರು. ಮೀಸೆಯ ಮೇಲೆಲ್ಲ ಹತ್ತಿ ಕೂತಿತ್ತು.

"ಬರ್ರಿ ಅಕ್ಕೋರ. ಶಾಲಿ ಸೂಟಿ ಐತೇನ್ರಿ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಒಳಗೆ ಕೂಗಿದರು, "ಏ, ನಿನ್ನ ಬ್ಯಾಡ ಅಂದವರ ಬಂದಾರ ನೋಡು."

ಮೋತಿಬಿ ಅಕ್ಕಿ ಕೇರುತ್ತಿದ್ದ ಮೊರದೊಂದಿಗೇ ಹೊರಗೆ ಬಂದಳು. ದಾರಿಯುದ್ದಕ್ಕೂ ನಾನು ಕ್ಷಮೆಯ ಮಾತನ್ನು ಹೊಂದಿಸಿಕೊಂಡು ಬಂದಿದ್ದೆ. ಬಾಯಿಂದ ಬಂದದ್ದು ಬೇರೆ.

"ಕೈ ಮುಚ್ಚೇತಿ ಮೋತಿಬೀ."

ಆಕೆ ಮೊರವನ್ನು ಕೆಳಗಿಟ್ಟಳು. "ಎಷ್ಟ ದಿನ ಆತ್ರಿ?"

"ಐದು."

"ಸಿಟ್ಟ ನನ್ನ ಮ್ಯಾಲಿತ್ತು. ಮುಚ್ಚಿದ್ದು ಅವ್ವಾರ ಕೈ," ಎಂದಳು. ಅದೊಂದೇ ಸಲ ಆಕೆ ನನಗೆ ಕಟುವಾಗಿ ಮಾತಾಡಿದ್ದು. ಆಮೇಲೆ, "ನಡೀರಿ, ಜಲ್ದಿ ನಡೀರಿ. ನೀರ ಬಿಸಿ ಮಾಡ್ರಿ ಹೋಗಿ," ಎಂದು ಚಪ್ಪಲಿ ಹುಡುಕಿದಳು. ಮಕ್ತುಮಸಾಬರು ಎರಡು ಹಿಡಿ ಹತ್ತಿಯನ್ನು ಬಟ್ಟೆಯಲ್ಲಿ ಸುರುಳಿ ಸುತ್ತಿ ಆಕೆಯ ಕೈಗೆ ಕೊಟ್ಟರು. ಅಂಗೈಯಲ್ಲಿಡುವ ಆ ಸುರುಳಿಗಳನ್ನೆಲ್ಲ ಅವರೇ ಮಾಡಿಕೊಡುತ್ತಿದ್ದರೆಂದು ನನಗೆ ಆಗ ತಿಳಿಯಿತು.

ಮನೆಗೆ ಬಂದು ಮಂಚದ ಹತ್ತಿರ ನಿಂತವಳು ಮೊದಲ ದಿನದಂತೆಯೇ ಕೈ ಹಿಂದೆ ಕಟ್ಟಿಕೊಂಡಳು. "ಅವ್ವಾರ, ಮೋತಿಬಿ ಬಂದೀನ್ರಿ. ಕೈ ಹಿಡೀತೀನ್ರಿ."

ಅವ್ವ ಹೂಂ ಎಂದಳು. ಆ ಹೂಂ ಹೇಗಿತ್ತೆಂದು ಬರೆಯಲಾರೆ. ಇಪ್ಪತ್ತೆರಡು ವರ್ಷ ನಾನು ಬಾಗಿಲು ತೆರೆದು ಬಂದಾಗ ಕೇಳುತ್ತಿದ್ದ ದನಿ ಅದು.

ಬಿಸಿನೀರಿನಲ್ಲಿ ಕೈ ಅದ್ದಿ, ಕೊಬ್ಬರಿ ಎಣ್ಣೆ ಸವರಿ, ಮೋತಿಬಿ ನನ್ನನ್ನು ಹತ್ತಿರ ಕರೆದಳು. "ನೀವ ಮಾಡ್ರಿ ಅಕ್ಕೋರ. ನಾ ತೋರಸ್ತೀನಿ."

"ನನಗ ಬರಂಗಿಲ್ಲ."

"ಮಕ್ಕಳಿಗೆ ಬರದ್ದು ಕಲಸ್ತೀರಲ್ರಿ. ಬರ್ರಿ. ಬೆರಳ ಜಗ್ಗಬ್ಯಾಡ್ರಿ. ಜಗ್ಗಿದ್ರ ಸಿಟ್ಟಿಗೇಳ್ತೈತಿ ಕೈ. ಮೊದಲ ಮಣಿಕಟ್ಟ ಕೆಳಗ ಬಗ್ಗಸ್ರಿ. ಮೆಲ್ಲಕ. ಹಾಂ. ಈಗ ಹೆಬ್ಬಟ್ಟ. ಉಳದದ್ದು ತಾವ ಬರ್ತಾವು. ಹೇಳಿ ಮುಟ್ರಿ, ಮೊದಲ ಹೇಳ್ರಿ. ಮಲಗಿದವರಿಗೆ ಏನ ಉಳದಿರ್ತೈತ್ರಿ, ಹೂಂ ಅನ್ನೂದು, ಒಲ್ಲೆ ಅನ್ನೂದು. ಅದನ್ನೂ ನಾವ ಕಸಗೊಂಡ್ರ ಹೆಂಗ?"

"ಅವ್ವಾ, ಹೆಬ್ಬಟ್ಟ ಹಿಡೀತೀನಿ," ಎಂದೆ. ಕಾದೆ. ಅವ್ವ ಹೂಂ ಎಂದಳು. ಒಂದು ಬೆರಳು, ಇನ್ನೊಂದು ಬೆರಳು. ಪೂರ್ತಿ ಬಿಚ್ಚಲು ನಾಲ್ಕು ದಿನ ಹಿಡಿಯಿತು. ಅಂದಿನಿಂದ ಮುಂಜಾನೆ ಶಾಲೆಗೆ ಹೋಗುವ ಮುಂಚೆ ನಾನು, ಮಧ್ಯಾಹ್ನ ಆಕೆ. ಕಲ್ಲು ಇಟ್ಟು ತೆಗೆಯುವುದು, ಇಟ್ಟು ತೆಗೆಯುವುದು.

"ನಾ ಮಾಡಿದ್ದು ಹೆಂಗೈತಿ?" ಎಂದು ಒಮ್ಮೆ ಕೇಳಿದೆ.

"ಛಲೋ ಐತಿ," ಎಂದಳು ಅವ್ವ. ಸ್ವಲ್ಪ ತಡೆದು, "ಮೋತಿ ಕೈ ಇನ್ನಾ ಮೆತ್ತಗ," ಎಂದಳು. ಸುಳ್ಳು ಹೇಳುವುದು ಆಕೆಗೆ ಎಂದೂ ಬಂದಿರಲಿಲ್ಲ.

ಶಿವರಾತ್ರಿಗೆ ಇನ್ನೂ ಹತ್ತು ದಿನವಿತ್ತು. ಒಂದು ಮುಂಜಾನೆ ಮೋತಿಬಿ ಅವ್ವನ ಪಾದ ಮುಟ್ಟಿ ನೋಡಿ, "ಇವತ್ತ ಶಾಲಿಗೆ ಹೋಗಬ್ಯಾಡ್ರಿ," ಎಂದಳು. ತಮ್ಮನಿಗೆ ತಂತಿ ಕಳಿಸಿದೆ. ಮಧ್ಯಾಹ್ನದ ಹೊತ್ತಿಗೆ ಅವ್ವನ ಉಸಿರು ನಿಂತು ನಿಂತು ಬರತೊಡಗಿತು. ಮೋತಿಬಿ ತುಟಿ ಒದ್ದೆ ಮಾಡುವ ಅರಳೆಯನ್ನೂ ನೀರಿನ ಬಟ್ಟಲನ್ನೂ ನನ್ನ ಕೈಗೆ ಕೊಟ್ಟು, "ನೀವ ಕುಂಡ್ರಿ," ಎಂದು ಹಿಂದೆ ಸರಿದಳು. ನನ್ನ ಹೊಟ್ಟೆಕಿಚ್ಚು ಆಕೆಗೆ ಮೊದಲ ದಿನದಿಂದಲೂ ಗೊತ್ತಿತ್ತೆಂದು ನನಗೆ ಆಗ ತಿಳಿಯಿತು.

ನಾನು ಕುಳಿತೆ. ಅವ್ವನ ಎಡಗೈಯನ್ನು ಹಿಡಿದುಕೊಂಡೆ. ಅದು ಬೆಚ್ಚಗೆ, ಮೆತ್ತಗೆ ನನ್ನ ಕೈಯಲ್ಲಿ ಇತ್ತು. ಆದರೆ ಅದು ತಿರುಗಿ ಹಿಡಿಯಲಾರದ ಕೈ. ಹಿಡಿಯಬಲ್ಲ ಬಲಗೈ ಹಾಸಿಗೆಯ ಮೇಲೆ ಏನನ್ನೋ ತಡವರಿಸುತ್ತ ಅಂಚಿನವರೆಗೆ ಹೋಯಿತು. ಅಲ್ಲಿ ನಿಂತಿದ್ದ ಮೋತಿಬಿಯ ಸೆರಗು ಸಿಕ್ಕಿತು. ಹಿಡಿದುಕೊಂಡಿತು. ಮೋತಿಬಿ ನನ್ನ ಮುಖ ನೋಡಿದಳು. ಬಿಡಿಸಿಕೊಳ್ಳಲೇ ಎಂದು ಕಣ್ಣಲ್ಲೇ ಕೇಳಿದಳು. ನಾನು ಬೇಡವೆಂದು ತಲೆಯಾಡಿಸಿದೆ. ಆ ತಲೆಯಾಡಿಸುವುದಕ್ಕೆ ನನಗೆ ಎಷ್ಟು ಕಷ್ಟವಾಯಿತೆಂದರೆ, ಅವ್ವನ ಉಸಿರು ಯಾವಾಗ ನಿಂತಿತೆಂಬುದು ನನಗೆ ತಿಳಿಯಲಿಲ್ಲ. ಮೋತಿಬಿಯೇ ಹೇಳಿದಳು.

ಸಂಜೆಯ ಮುಂಚೆ ತಮ್ಮ ಬಂದ. ಮೈ ತೊಳೆದು, ವಿಭೂತಿ ಹಚ್ಚಿ, ಗೋಡೆಗೆ ಒರಗಿಸಿ ಕುಳ್ಳಿರಿಸಿದ ಮೇಲೆ ಮಠದ ಅಯ್ಯನವರು ಬಂದರು. ವಯಸ್ಸಾದವರು, ಊರಿನ ಎಷ್ಟೋ ಮಂದಿಯನ್ನು ಕಳಿಸಿಕೊಟ್ಟವರು. ಅವ್ವನ ಎಡಗೈಯನ್ನು ಎತ್ತಿ ನೋಡಿದರು. ಅದು ಮೇಲ್ಮುಖವಾಗಿ, ತುಸು ತಗ್ಗಾಗಿ, ಅವರ ಕೈಯಲ್ಲಿ ತೆರೆದು ನಿಂತಿತು.

"ಲಕ್ವಾದವರ ಕೈ ಹಿಂಗ ಇರೂದು ನಾ ನೋಡಿಲ್ಲ," ಎಂದರು. "ದಾರ ಹಾಕಿ ಕಟ್ಟೀನಿ, ಕಡ್ಡಿ ಕೊಟ್ಟ ಬಿಚ್ಚೀನಿ. ಇದು ಪೂಜಾಕ್ಕ ಕುಂತವರ ಕೈ ಇದ್ದಂಗ ಐತಿ. ಭಾಳ ಸೇವಾ ಮಾಡೀ ತಂಗೀ ನೀನು."

ಕೂಡಿದ ಮಂದಿಯೆಲ್ಲ ನನ್ನ ಕಡೆಗೆ ತಿರುಗಿದರು. ಮೋತಿಬಿ ಬಾಗಿಲ ಹೊರಗೆ ಹೆಂಗಸರ ನಡುವೆ ನಿಂತಿದ್ದಳು. ನಾನು ಹೇಳಬೇಕಾದದ್ದು ಒಂದೇ ಒಂದು ಹೆಸರು. ಬಾಯಿ ತೆರೆಯಲಿಲ್ಲ.

"ಹೌದ್ರಿ ಅಯ್ಯಾರ," ಎಂದಳು ಮೋತಿಬಿ ಹೊರಗಿನಿಂದ. "ಅಕ್ಕೋರ ಭಾಳ ಮಾಡ್ಯಾರ."

ನಾನು ಅದನ್ನೂ ತೆಗೆದುಕೊಂಡೆ.

ಆಮೇಲೆ ಎಂಟು ವರ್ಷ ಆಕೆಯನ್ನು ನಾನು ಹೆಚ್ಚು ನೋಡಲಿಲ್ಲ. ಅಡರಕಟ್ಟಿಯಲ್ಲಿ ಒಬ್ಬರ ಮನೆಗೆ ಹೋಗುತ್ತಿದ್ದಾಳಂತೆ, ಶಿಗ್ಲಿಯಲ್ಲಿ ಯಾರನ್ನೋ ಕೊನೆಯವರೆಗೆ ನೋಡಿಕೊಂಡಳಂತೆ ಎಂದು ಕಿವಿಗೆ ಬೀಳುತ್ತಿತ್ತು. ಎಂಬತ್ತಾರರಲ್ಲಿ, ನಾನು ನಿವೃತ್ತಳಾದ ಮೇಲೆ, ಯಾರದೋ ಮದುವೆಗೆಂದು ಶಿರಹಟ್ಟಿಗೆ ಹೋದವಳು ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಆಕೆಯನ್ನು ಕಂಡೆ. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಕೈಯಲ್ಲಿ ಅದೇ ಬಟ್ಟೆಯ ಪಟ್ಟಿ.

"ಇಲ್ಲೇ ಈ ಮನ್ಯಾಗ ಒಬ್ಬರು ಅಜ್ಜಿ ಅದಾರ್ರಿ," ಎಂದಳು. "ಶಿಗ್ಲಿ ಬಸ್ಸು ಇಲ್ಲೂ ಬರ್ತೈತಿ. ಹೊಳ್ಳಸಾಕ ಅನುಕೂಲ."

ನಾನು ಆ ದಿನದ ಮಾತು ತೆಗೆದೆ. ಅಯ್ಯನವರು ಹೊಗಳಿದ್ದು, ನಾನು ಬಾಯಿ ಮುಚ್ಚಿಕೊಂಡದ್ದು.

"ಸುಳ್ಳೇನ ಹೇಳಿದ್ರಿ ನೀವು? ಮುಂಜಾನಿದ್ದು ನೀವ ಮಾಡ್ತಿದ್ರಿ."

"ಮಧ್ಯಾಹ್ನದ್ದು?"

ಆಕೆ ನಕ್ಕಳು. ಹಲ್ಲು ಎರಡು ಹೋಗಿದ್ದವು. ಆಗ ನಾನು, ಎಂಟು ವರ್ಷ ಹೊಟ್ಟೆಯಲ್ಲಿಟ್ಟುಕೊಂಡಿದ್ದನ್ನು ಕೇಳಿಯೇಬಿಟ್ಟೆ. "ಕೈ ಹಿಡಕೊಂಡ ಕುಂತಾಗ ಅವ್ವ ನಿನ್ನ ಕೂಡ ಏನ ಮಾತಾಡ್ತಿದ್ಲು ಮೋತಿಬೀ? ಎಲ್ಲಾ ಸಾಯೂ ಮಾತ ಇರಲಿಕ್ಕಿಲ್ಲ. ಒಂದೊಂದು ಸಲ ನಗತಿದ್ರಿ."

"ಅದು ಅವ್ವಾರದು ರೀ."

"ನಾ ಮಗಳು."

"ಹೌದ್ರಿ. ಆದ್ರೂ ಅವ್ವಾರದು. ನಾ ಮನಿ ಮನಿ ಮಾತ ಹೊತಗೊಂಡ ತಿರಗಿದ್ರ ಮಲಗಿದವರು ಯಾರ ಮುಂದ ಆಡಬೇಕ್ರಿ?"

ಹಳೆಯ ಉರಿ ಒಮ್ಮೆ ಎದ್ದಿತು. ನನ್ನ ಅವ್ವನ ಮಾತುಗಳು ಈಕೆಯ ಹೊಟ್ಟೆಯಲ್ಲಿವೆ, ನನಗೆ ಸಿಗುವುದಿಲ್ಲ. ಆದರೆ ಬೇರೆ ಯಾರಿಗೂ ಸಿಗುವುದಿಲ್ಲ.

ಲಕ್ಷ್ಮೇಶ್ವರದ ಬಸ್ಸು ಬಂತು. ಮೆಟ್ಟಿಲು ಎತ್ತರವಿತ್ತು, ನನ್ನ ಮಂಡಿಗಳು ಆಗಲೇ ಮಾತು ಕೇಳುತ್ತಿರಲಿಲ್ಲ. ಹಿಂದಿನಿಂದ ಜನ ನೂಕುತ್ತಿದ್ದರು.

"ಅಕ್ಕೋರ, ತೋಳ ಹಿಡೀತೀನ್ರಿ," ಎಂದಳು ಮೋತಿಬಿ. ಹೇಳಿ, ಅಷ್ಟು ಜನರ ನಡುವೆಯೂ ನಿಂತಳು.

"ಹೂಂ," ಎಂದೆ.

ಆಕೆಯ ಕೈ ನಿಜವಾಗಿಯೂ ನನ್ನದಕ್ಕಿಂತ ಮೆತ್ತಗಿತ್ತು. ಕಿಟಕಿಯ ಪಕ್ಕ ಕುಳಿತು ಹೊರಗೆ ನೋಡಿದೆ. ಆಕೆ ಬೇಗ ಬೇಗ ಓಣಿಯ ಕಡೆಗೆ ನಡೆಯುತ್ತ ಬಳೆಗಳನ್ನು ಮೇಲಕ್ಕೆ ಸರಿಸಿ ಪಟ್ಟಿ ಸುತ್ತಿಕೊಳ್ಳುತ್ತಿದ್ದಳು. ಹೊಳ್ಳಿಸುವ ಹೊತ್ತಾಗಿರಬೇಕು. ಆ ಮನೆಯಲ್ಲಿ ಮಲಗಿ ಆಕೆಯ ಹೆಜ್ಜೆ ಸದ್ದಿಗೆ ಕಿವಿಗೊಟ್ಟಿದ್ದ, ನಾನೆಂದೂ ನೋಡಿರದ ಆ ಅಜ್ಜಿಯ ಮೇಲೆ ನನಗೆ ಹೊಟ್ಟೆಕಿಚ್ಚಾಯಿತು.